ಲಸಿಕೆಯ ವೆಚ್ಚವೂ ವಿಮೆಯ ಹೊಣೆಯೂ

ಆರೋಗ್ಯ ವಿಮೆಯ ಕಂತನ್ನು ವರ್ಷವರ್ಷವೂ ಕಾಲಕ್ಕೆ ತಪ್ಪದೆ ಸಲ್ಲಿಸುತ್ತ ಬಂದ ಗೃಹಸ್ಥನಲ್ಲಿ, ವೈದ್ಯರ ಬಾಗಿಲಲ್ಲಿ ತಾನು ತೆರಬೇಕಾದ ಹಣಕ್ಕೆಲ್ಲ ಆ ಕಂತೇ ಹೊಣೆಯಾಗುವುದೆಂಬ ನಂಬಿಕೆ ತಾನಾಗಿಯೇ ಬೇರೂರಿರುತ್ತದೆ. ಆ ನಂಬಿಕೆ ಮೊದಲು ಸಡಿಲುವುದು ಬಹುಮಟ್ಟಿಗೆ ಲಸಿಕೆಯ ಪ್ರಸಂಗದಲ್ಲಿ. ಜ್ವರವಿಲ್ಲ, ನೋವಿಲ್ಲ, ಹಾಸಿಗೆ ಹಿಡಿದವರಿಲ್ಲ. ಆರೋಗ್ಯವಾಗಿರುವವನು ಆರೋಗ್ಯವಾಗಿಯೇ ಉಳಿಯಬೇಕೆಂಬ ಉದ್ದೇಶದಿಂದ ತೋಳನ್ನೊಡ್ಡಿ ಕುಳಿತಾಗ ಬರುವ ಈ ವೆಚ್ಚವನ್ನು ವಿಮೆಯವರು ಯಾವ ದೃಷ್ಟಿಯಿಂದ ಕಾಣುತ್ತಾರೆ, ಸರ್ಕಾರ ಯಾವ ದೃಷ್ಟಿಯಿಂದ ಕಾಣುತ್ತದೆ, ಇಬ್ಬರೂ ಬಿಟ್ಟುಕೊಟ್ಟ ಭಾಗವನ್ನು ಸಂಸಾರಿಯಾದವನು ಹೇಗೆ ಹೊರಬೇಕು ಎಂಬುದು, ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತವನ್ನು ಬೋಧಿಸಿ ನಿವೃತ್ತನಾದ ನನಗೆ, ಮೊಮ್ಮಗಳು ಹುಟ್ಟಿದ ತರುವಾಯದ ಈ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಮನವರಿಕೆಯಾದ ಸಂಗತಿ. ಶಿಶುವಿನ ಲಸಿಕೆ, ನೆರೆಮನೆಯ ಹುಡುಗನಿಗೆ ನಾಯಿ ಕಚ್ಚಿದಾಗಿನ ಲಸಿಕೆ, ನಮ್ಮಂತಹ ವೃದ್ಧರ ಲಸಿಕೆ, ಈ ಮೂರನ್ನೂ ಸಮೀಪದಿಂದ ಕಂಡು, ರಸೀತಿಗಳನ್ನೂ ಪಾಲಿಸಿಯ ಪುಟಗಳನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಓದಿದಾಗ ತಿಳಿದುಬಂದದ್ದನ್ನು ಇತರ ಸಂಸಾರಿಗಳಿಗೂ ಹೇಳಬೇಕೆನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೇಶದ ಆರೋಗ್ಯ ವಿಮೆ ಮೂಲತಃ ಒಳರೋಗಿಗಾಗಿ ರೂಪುಗೊಂಡ ವ್ಯವಸ್ಥೆ. ಕಣ್ಣಿನ ಪೊರೆ, ಡಯಾಲಿಸಿಸ್ ಮೊದಲಾಗಿ ಹಗಲಿನಲ್ಲೇ ಮುಗಿಯುವ ಕೆಲವು ಚಿಕಿತ್ಸೆಗಳನ್ನುಳಿದು, ರೋಗಿಯು ಕನಿಷ್ಠ 24 ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ದಾಖಲಾಗಿರಬೇಕೆಂಬುದು ಅದರ ಸಾಮಾನ್ಯ ನಿಯಮ. ದಾಖಲಾಗುವ ಮುಂಚಿನ ಮತ್ತು ಬಿಡುಗಡೆಯಾದ ಅನಂತರದ ಕೆಲವು ದಿನಗಳ ವೆಚ್ಚವೂ ಸಲ್ಲುವುದುಂಟು. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2020ರಿಂದ ಏಕರೂಪವಾಗಿ ಮಾರಾಟವಾಗುತ್ತಿರುವ ಆರೋಗ್ಯ ಸಂಜೀವನಿ ಎಂಬ ಪಾಲಿಸಿಯಲ್ಲಿ ಈ ಅವಧಿಗಳು ಕ್ರಮವಾಗಿ 30 ಮತ್ತು 60 ದಿನಗಳು. ಆದರೆ ಆ ವೆಚ್ಚವು ಯಾವ ಕಾಯಿಲೆಗಾಗಿ ದಾಖಲಾದದ್ದೋ ಅದಕ್ಕೇ ಸಂಬಂಧಪಟ್ಟಿರಬೇಕು. ಲಸಿಕೆಯಾದರೋ ಹೊರರೋಗಿಗಳ ಕೊಠಡಿಯಲ್ಲಿ ಅರೆಗಳಿಗೆಯಲ್ಲಿ ಮುಗಿದುಹೋಗುವ ಕಾರ್ಯವಾದ್ದರಿಂದ, ಈ ನಿಯಮದ ಬಾಗಿಲನ್ನೇ ಅದು ದಾಟಲಾರದು. ಇಷ್ಟು ಸಾಲದೆಂಬಂತೆ ಅನೇಕ ಪಾಲಿಸಿಗಳು, ತಾವು ಭರಿಸದ ವೆಚ್ಚಗಳ ಪಟ್ಟಿಯಲ್ಲಿ ಲಸಿಕೆಯನ್ನು ಹೆಸರು ಹಿಡಿದು ನಮೂದಿಸಿಯೂ ಇರುತ್ತವೆ. ಎಂದೋ ಯಾರಿಗೋ ಒದಗಬಹುದಾದ ಮಹಾನಷ್ಟವನ್ನು ಅನೇಕರು ಹಂಚಿಕೊಳ್ಳುವುದೇ ವಿಮೆಯ ಧರ್ಮ. ಹುಟ್ಟಿದ ಪ್ರತಿಯೊಂದು ಶಿಶುವಿಗೂ ತಿಳಿದ ದಿನದಂದು, ತಿಳಿದ ಮೊತ್ತದಲ್ಲಿ ಬಂದೇ ಬರುವ ವೆಚ್ಚವನ್ನು ಹಂಚುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ಗಣಿತವುಂಟೆಂಬುದನ್ನು ನಾನು ಒಪ್ಪುತ್ತೇನೆ. ಅದು ಸಂಪೂರ್ಣ ಗಣಿತವಲ್ಲವೆಂಬ ನನ್ನ ಅಭಿಪ್ರಾಯವನ್ನು ಮುಂದೆ ತಿಳಿಸುತ್ತೇನೆ.

ಸೊಸೆಯು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳ ಸಂಸ್ಥೆಯವರು ನೌಕರರೆಲ್ಲರಿಗೂ ಸೇರಿ ಗುಂಪು ವಿಮೆಯನ್ನು ಮಾಡಿಸಿದ್ದರು. ಗರ್ಭಿಣಿಯಾಗಿದ್ದಾಗ ಅದರ ಸೌಲಭ್ಯಗಳನ್ನು ಓದುತ್ತಿದ್ದವಳು, "ಮಾವ, ಹೆರಿಗೆ ಖರ್ಚಿನ ಜೊತೆಗೆ ಮಗುವಿನ ಮೊದಲನೇ ವರ್ಷದ ಲಸಿಕೆಯೂ ಇದರಲ್ಲೇ ಬರುತ್ತದಂತೆ" ಎಂದು ಸಂತೋಷದಿಂದ ಹೇಳಿದಳು. ಓದಿದಾಗ ನನಗೂ ಹಾಗೆಯೇ ತೋರಿತು. ಹೆರಿಗೆಯಾಗಿ, ಮಗುವಿನ ಹೆಸರನ್ನು ಪಾಲಿಸಿಗೆ ಸೇರಿಸಿ, ಮೊದಲ ಲಸಿಕೆಗಳ ರಸೀತಿಗಳನ್ನು ಕಳುಹಿಸಿದ ಮೇಲೆ ಬಂದ ಉತ್ತರವಾದರೋ, ಲಸಿಕೆಗೆ ಪ್ರತ್ಯೇಕವಾದ ಮೊತ್ತವಿರುವುದಿಲ್ಲ, ಅದು ಹೆರಿಗೆಗೆ ಗೊತ್ತುಪಡಿಸಿದ ಮಿತಿಯ ಒಳಗೇ ಸೇರಿರುವಂಥದು, ಆ ಮಿತಿಯು ಶಸ್ತ್ರಚಿಕಿತ್ಸೆಯ ಹೆರಿಗೆಯಲ್ಲಿಯೇ ಪೂರ್ತಿಯಾಗಿ ವ್ಯಯವಾಗಿರುವುದು, ಆದಕಾರಣ ಪಾವತಿಗೆ ಅವಕಾಶವಿಲ್ಲ ಎಂದಿತ್ತು. ಪುಟ ತಿರುವಿ ನೋಡಿದರೆ ಹಾಗೆಯೇ ಬರೆದಿತ್ತು. ಸೌಲಭ್ಯವು ಮೊದಲ ಪುಟದ ಪಟ್ಟಿಯಲ್ಲಿಯೂ ಅದರ ಪರಿಮಿತಿಯು ಬಹಳ ಹಿಂದಿನ ಪುಟವೊಂದರಲ್ಲಿಯೂ ಇದ್ದವು. ಅಂದಿನಿಂದ ನಾನು ಯಾರ ಮನೆಯಲ್ಲಿ ಹೆರಿಗೆಯ ಸಿದ್ಧತೆ ನಡೆದಿದ್ದರೂ ಇಷ್ಟನ್ನು ವಿಚಾರಿಸಿಕೊಳ್ಳಿರೆಂದು ಹೇಳುತ್ತೇನೆ: ಶಿಶುವಿನ ಲಸಿಕೆಗೆ ಬೇರೆಯೇ ಮೊತ್ತವಿದೆಯೋ, ಹೆರಿಗೆಯ ಮೊತ್ತದಲ್ಲಿಯೇ ಪಾಲೋ, ಅದು ಮಗುವಿನ ಎಷ್ಟು ತಿಂಗಳವರೆಗೆ ಸಲ್ಲುತ್ತದೆ, ರಸೀತಿಯೊಡನೆ ವೈದ್ಯರ ಚೀಟಿಯೂ ಬೇಕೋ, ಮಗುವನ್ನು ಪಾಲಿಸಿಗೆ ಸೇರಿಸಲು ಗಡುವು ಯಾವುದು. ಸ್ವಂತವಾಗಿ ಕೊಂಡ ಪಾಲಿಸಿಗಳಲ್ಲಾದರೆ ಹೆರಿಗೆಯ ಸೌಲಭ್ಯಕ್ಕೇ ವರ್ಷಗಳ ಕಾಯುವ ಅವಧಿ ಇರುವುದರಿಂದ, ಮದುವೆಯ ಹೊಸದರಲ್ಲಿಯೇ ಯೋಚಿಸದಿದ್ದವರಿಗೆ ಅದು ದೊರೆಯುವುದೇ ಅಪರೂಪ.

ಇಂತಹ ಉತ್ತರ ಬಂದ ಮೇಲೆ ನಮ್ಮ ಮನೆಯವರ ಗಮನ ತಿರುಗಿದ್ದು, ನಮ್ಮ ಬಡಾವಣೆಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಕಡೆಗೆ. ಮಧ್ಯಮ ವರ್ಗದ ಅನೇಕರು ಆ ಕಟ್ಟಡವನ್ನು ದಿನವೂ ಹಾದುಹೋಗುತ್ತಿದ್ದರೂ ಅದು ತಮಗಾಗಿ ಇರುವುದೆಂದು ಭಾವಿಸುವುದಿಲ್ಲ. 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವಾಗಿ ಮೊದಲಾಗಿ, 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೆಂಬ ರೂಪವನ್ನು ತಾಳಿದ ಈ ಯೋಜನೆಯಲ್ಲಿ ಆದಾಯದ ಪ್ರಶ್ನೆಯೂ ಇಲ್ಲ, ಪಡಿತರ ಚೀಟಿಯ ಪ್ರಶ್ನೆಯೂ ಇಲ್ಲ. ಹುಟ್ಟಿದ ಕೂಡಲೆ ಬಿಸಿಜಿ, ಪೋಲಿಯೋ ಹನಿ ಮತ್ತು ಹೆಪಟೈಟಿಸ್ ಬಿ; ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳಿಗೆ ಒಟ್ಟಾಗಿ ಕೊಡುವ ಪೆಂಟಾವ್ಯಾಲೆಂಟ್, ಅದರೊಡನೆ ರೋಟಾವೈರಸ್ ಲಸಿಕೆ; ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾ; ಆಮೇಲೆ ಬೂಸ್ಟರುಗಳು; ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲಿ ಟಿಡಿ. ನ್ಯುಮೋನಿಯಾದಿಂದ ರಕ್ಷಿಸುವ ನ್ಯುಮೋಕಾಕಲ್ ಲಸಿಕೆಯು ಬಹುಕಾಲ ಹಣವುಳ್ಳವರ ಮಕ್ಕಳಿಗೆ ಮಾತ್ರ ಎಟಕುವ ವಸ್ತುವಾಗಿದ್ದುದು, 2017ರಲ್ಲಿ ಕೆಲವು ರಾಜ್ಯಗಳಲ್ಲಿ ಉಚಿತವಾಗಿ ಆರಂಭವಾಗಿ, 2021ರಲ್ಲಿ ದೇಶದ ಎಲ್ಲ ಮಕ್ಕಳಿಗೂ ವಿಸ್ತರಿಸಲ್ಪಟ್ಟಿತು. ಖಾಸಗಿ ಚಿಕಿತ್ಸಾಲಯದಲ್ಲಿ ಈ ಲಸಿಕೆಯ ಒಂದೊಂದು ಡೋಸಿಗೂ ಸಾವಿರಗಳಲ್ಲಿ ತೆರಬೇಕಾಗುವುದರಿಂದ, ಇದೊಂದರಿಂದಲೇ ಸಂಸಾರಕ್ಕೆ ಆಗುವ ಉಳಿತಾಯ ಅಲ್ಪವಾದದ್ದಲ್ಲ.

ಅಲ್ಲಿ ಕೊಡುವ ಮದ್ದು ಕಡಿಮೆಯ ದರ್ಜೆಯದೆಂಬ ಶಂಕೆಯನ್ನು ನಾನು ಮಕ್ಕಳ ವೈದ್ಯರೊಬ್ಬರ ಮುಂದಿಟ್ಟೆ. ಖಾಸಗಿಯಲ್ಲಿ ಜನರು ಪೇನ್‌ಲೆಸ್ ಎಂದು ಕರೆಯುವ ಚುಚ್ಚುಮದ್ದಿನಲ್ಲಿ ನಾಯಿಕೆಮ್ಮಿನ ರೋಗಾಣುವಿನ ಆಯ್ದ ಅಂಶಗಳು ಮಾತ್ರ ಇರುತ್ತವೆ, ಆದ್ದರಿಂದ ಜ್ವರವೂ ಬಾವೂ ಕಡಿಮೆ. ಸರ್ಕಾರಿ ಕೇಂದ್ರದ ಮದ್ದಿನಲ್ಲಿ ನಿಷ್ಕ್ರಿಯಗೊಳಿಸಿದ ಇಡೀ ರೋಗಾಣು ಇರುವುದರಿಂದ ಜ್ವರವು ಹೆಚ್ಚಾಗಿ ಬಂದರೂ ಅದು ಕೊಡುವ ರಕ್ಷಣೆ ಹೆಚ್ಚು ಕಾಲ ಬಾಳುತ್ತದೆ ಎಂದು ಅವರು ವಿವರಿಸಿದರು. ಹಣ ಹೆಚ್ಚಾಗಿ ತೆತ್ತವರು ಕೊಳ್ಳುವುದು ಒಂದೆರಡು ರಾತ್ರಿಗಳ ನೆಮ್ಮದಿಯನ್ನು, ಹೆಚ್ಚಿನ ರಕ್ಷಣೆಯನ್ನಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಕೇಂದ್ರದ ಸಿಸ್ಟರ್ ಮಗುವಿನ ತೊಡೆಗೆ ಮದ್ದನ್ನು ಕೊಟ್ಟು, ತಾಯಿ ಕಾರ್ಡಿನಲ್ಲಿ ತಾರೀಖನ್ನು ಬರೆದು, "ಜ್ವರ ಬಂದ್ರೆ ಗಾಬರಿ ಆಗ್ಬೇಡಿ ಸಾರ್, ಹನಿ ಔಷಧಿ ಕೊಟ್ಟಿದೀನಿ, ಅರ್ಧ ಗಂಟೆ ಇಲ್ಲೇ ಕೂತ್ಕೊಂಡು ಹೋಗಿ" ಎಂದು ಹೇಳಿದಾಗ ಅವರ ಮಾತಿನಲ್ಲಿದ್ದ ಅಕ್ಕರೆಯನ್ನು ನಾನು ಮರೆಯಲಾರೆ. ಅಲ್ಲಿ ಗೊತ್ತಾದ ದಿನವೇ ಬರಬೇಕೆಂಬ ನಿರ್ಬಂಧಕ್ಕೆ ಕಾರಣವನ್ನೂ ಅವರೇ ತಿಳಿಸಿದರು: ಬಿಸಿಜಿ ಮತ್ತು ದಡಾರದ ಮದ್ದು ಪುಡಿಯ ರೂಪದಲ್ಲಿದ್ದು, ದ್ರವವನ್ನು ಬೆರೆಸಿದ ಮೇಲೆ ನಾಲ್ಕು ಗಂಟೆಗಳೊಳಗೆ ಬಳಸಬೇಕು, ಮಿಕ್ಕದ್ದನ್ನು ಚೆಲ್ಲಬೇಕು, ಹಲವು ಮಕ್ಕಳಿಗಾಗುವ ಒಂದು ಶೀಶೆಯು ವ್ಯರ್ಥವಾಗಬಾರದೆಂದರೆ ಮಕ್ಕಳು ಒಟ್ಟಾಗಿ ಬರುವುದೇ ಲೇಸು. ಸಮಯದ ಅನನುಕೂಲವು ಉದ್ಯೋಗಸ್ಥ ತಾಯಿತಂದೆಗಳಿಗೆ ನಿಜವಾದ ಕಷ್ಟವೇ ಆದರೂ, ಅಜ್ಜ ಅಜ್ಜಿಯರಿರುವ ಮನೆಗಳಲ್ಲಿ ಅದಕ್ಕೆ ಪರಿಹಾರ ಕಠಿಣವಲ್ಲ.

ಆದರೂ ಸರ್ಕಾರದ ಪಟ್ಟಿಯೇ ಸರ್ವಸ್ವವಲ್ಲ. ಮಕ್ಕಳ ವೈದ್ಯರ ರಾಷ್ಟ್ರೀಯ ಸಂಘವು ಸೂಚಿಸುವ ಸೀತಾಳೆ ಸಿಡುಬು, ಹೆಪಟೈಟಿಸ್ ಎ, ವಿಷಮಶೀತ ಜ್ವರ, ಇನ್‌ಫ್ಲುಯೆಂಜಾ, ಕೆಪ್ಪಟೆ ಇವುಗಳ ಲಸಿಕೆಗಳು ಆಗ ಆ ಕೇಂದ್ರದಲ್ಲಿ ದೊರೆಯುತ್ತಿರಲಿಲ್ಲ. ದಡಾರ ಮತ್ತು ರುಬೆಲ್ಲಾದ ಜೊತೆಗೆ ಕೆಪ್ಪಟೆಯನ್ನೂ ಸೇರಿಸಿದ ಮದ್ದು ಬೇಕೆಂದರೆ ಖಾಸಗಿಗೇ ಹೋಗಬೇಕು. ನಾವು ಮಾಡಿಕೊಂಡ ಏರ್ಪಾಡು ಹೀಗೆ: ಸರ್ಕಾರದ ಪಟ್ಟಿಯಲ್ಲಿರುವುದೆಲ್ಲ ಕೇಂದ್ರದಲ್ಲಿ, ಇಲ್ಲದ್ದರ ಪೈಕಿ ಯಾವುದು ಅವಶ್ಯ, ಯಾವುದು ಕಾಯಬಹುದು ಎಂಬುದನ್ನು ವೈದ್ಯರೊಡನೆ ಚರ್ಚಿಸಿ, ಅವರಲ್ಲಿಯೇ. ಎರಡೂ ಕಡೆಯ ವಿವರಗಳು ಒಂದೇ ಕಾರ್ಡಿನಲ್ಲಿ ಬರೆಯಲ್ಪಡಬೇಕೆಂಬುದನ್ನು ಮಾತ್ರ ಬಹು ಜಾಗರೂಕತೆಯಿಂದ ನೋಡಿಕೊಂಡೆವು.

ಖಾಸಗಿಯಲ್ಲಿ ತೆರುವ ಹಣವು ಹೇಗೆ ಕೂಡಿಬರುತ್ತದೆಂಬುದನ್ನು ತಿಳಿಯುವುದಕ್ಕೆ ಕೋವಿಡ್ ಕಾಲದ ಉದಾಹರಣೆಗಿಂತ ನಿಚ್ಚಳವಾದದ್ದು ನನಗೆ ದೊರೆತಿಲ್ಲ. 2021ರ ಜೂನ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಖಾಸಗಿ ಆಸ್ಪತ್ರೆಗಳಿಗೆ ಗರಿಷ್ಠ ದರವನ್ನು ಗೊತ್ತುಮಾಡಿದಾಗ, ಕೋವಿಶೀಲ್ಡಿಗೆ ಮದ್ದಿನ ಬೆಲೆ 600, ಅದರ ಮೇಲೆ ತೆರಿಗೆ 30, ಆಸ್ಪತ್ರೆಯ ಸೇವಾಶುಲ್ಕ 150, ಒಟ್ಟು 780 ರೂಪಾಯಿ ಎಂದೂ, ಕೋವ್ಯಾಕ್ಸಿನ್‌ಗೆ ಇದೇ ಕ್ರಮದಲ್ಲಿ 1,410 ಎಂದೂ ಪ್ರಕಟಿಸಿತು. ಮದ್ದು, ತೆರಿಗೆ, ಕೈಚಳಕದ ಕೂಲಿ ಎಂಬ ಮೂರು ಅಂಗಗಳು ಹೀಗೆ ಬಯಲಿನಲ್ಲಿ ನಿಂತದ್ದು ಅದೊಂದು ಸಲವೇ. ಸಾಮಾನ್ಯ ಕಾಲದಲ್ಲಿ ರಸೀತಿಯು ಒಂದೇ ಮೊತ್ತವನ್ನು ಹೇಳುತ್ತದೆ; ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಬೆಲೆಗೆ, ಚುಚ್ಚುವುದಕ್ಕೆ, ಸಲಹೆಗೆ ಎಷ್ಟೆಷ್ಟು ಎಂಬುದನ್ನು ಕೇಳಿ ತಿಳಿಯಬೇಕು. ಅಚ್ಚಾದ ಬೆಲೆ ಗರಿಷ್ಠದ್ದೇ ಹೊರತು ನಿಶ್ಚಿತವಾದದ್ದಲ್ಲ, ಅದೇ ಮದ್ದನ್ನು ಕೆಲವರು ಅದಕ್ಕಿಂತ ಕಡಿಮೆಗೆ ಕೊಡುವುದುಂಟು. ವಿನಯದಿಂದ ಕೇಳಿದಾಗ ಯಾವ ವೈದ್ಯರೂ ನನ್ನ ಮೇಲೆ ಕೋಪಗೊಂಡದ್ದಿಲ್ಲ. ಆದರೆ ಅಗ್ಗವಾಯಿತೆಂದು ಅಂಗಡಿಯಿಂದ ಮದ್ದನ್ನು ಕೊಂಡು ಬಿಸಿಲಿನಲ್ಲಿ ಹೊತ್ತು ತರುವುದನ್ನು ಯಾರೂ ಮಾಡಬಾರದು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಯ್ದಿರಬೇಕಾದ ವಸ್ತು ಕೆಟ್ಟರೆ ಕಣ್ಣಿಗೆ ಕಾಣುವುದಿಲ್ಲ.

ನಾಯಿಕಡಿತದ ಸಂಗತಿ ಇವೆಲ್ಲಕ್ಕಿಂತ ಗಂಭೀರವಾದದ್ದು. ನೆರೆಮನೆಯ ಹುಡುಗನಿಗೆ ಸಂಜೆ ಆಟದಿಂದ ಬರುವಾಗ ಬೀದಿನಾಯಿ ಮೀನಖಂಡಕ್ಕೆ ಆಳವಾಗಿ ಕಚ್ಚಿತು. ಅವನ ತಂದೆ ಓಡಿಬಂದು, "ಮೇಷ್ಟ್ರೇ, ನಮ್ಮದು ಐದು ಲಕ್ಷದ ಪಾಲಿಸಿ ಇದೆ, ನಾಯಿ ಕಚ್ಚಿದ್ದು ಬರುತ್ತದೆ ಅಂತ ಏಜೆಂಟ್ ಹೇಳಿದ್ದ, ಯಾವ ಆಸ್ಪತ್ರೆಗೆ ಹೋಗಲಿ?" ಎಂದು ಕೇಳಿದರು. ಮೊದಲು ಹರಿಯುವ ನೀರಿನಲ್ಲಿ, ಸಾಬೂನು ಹಚ್ಚಿ, ಹದಿನೈದು ನಿಮಿಷ ಗಾಯವನ್ನು ತೊಳೆಸಿ, ಸರ್ಕಾರಿ ಆಸ್ಪತ್ರೆಗೇ ಕರೆದೊಯ್ದೆವು. ರಕ್ತ ಬಂದ ಗಾಯವಾದ್ದರಿಂದ ಲಸಿಕೆಯೊಡನೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ತುಂಬಬೇಕಾಗುತ್ತದೆ; ಲಸಿಕೆಯು ದೇಹವನ್ನು ಎಚ್ಚರಿಸುವ ತನಕದ ಅವಧಿಗೆ ಅದೇ ಕಾವಲು. ಇದನ್ನು ದೇಹದ ತೂಕಕ್ಕೆ ತಕ್ಕಂತೆ, ಕುದುರೆಯಿಂದ ಪಡೆದದ್ದಾದರೆ ಕಿಲೋ ಒಂದಕ್ಕೆ 40, ಮನುಷ್ಯರಿಂದ ಪಡೆದದ್ದಾದರೆ 20 ಅಂತರರಾಷ್ಟ್ರೀಯ ಘಟಕಗಳಂತೆ ಕೊಡುವರಾದ್ದರಿಂದ, ಖಾಸಗಿಯಲ್ಲಿ ತೂಕ ಹೆಚ್ಚಿದವರಿಗೆ ವೆಚ್ಚವೂ ಹೆಚ್ಚುತ್ತದೆ. ಲಸಿಕೆಗಿಂತ ಇದರ ಬೆಲೆಯೇ ಸಂಸಾರಗಳನ್ನು ಕಂಗೆಡಿಸುವುದು. ಹುಡುಗನಿಗೆ ಎರಡೂ ಉಚಿತವಾಗಿ ದೊರೆತವು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನಗಳಂದು ಲಸಿಕೆಯಾಗಿ ಹುಡುಗ ಕ್ಷೇಮವಾಗಿದ್ದಾನೆ. ರೇಬಿಸ್ ಲಕ್ಷಣಗಳು ತೋರಿದ ಮೇಲೆ ಬದುಕುವ ಆಸೆ ಇಲ್ಲವೆನ್ನುವಷ್ಟು ಕಡಿಮೆ. ಹೀಗಿರುವಾಗ ವಿಮೆಯ ಒಪ್ಪಿಗೆಗಾಗಿ ಒಂದು ರಾತ್ರಿಯನ್ನೂ ಕಳೆಯತಕ್ಕದ್ದಲ್ಲ.

ಹುಡುಗನು ಚೇತರಿಸಿಕೊಂಡ ಮೇಲೆ, ಬಿಡುವಿನಲ್ಲಿ, ಆ ಪಾಲಿಸಿಯನ್ನು ನಾವಿಬ್ಬರೂ ಓದಿದೆವು. ಹೊರತುಪಡಿಸಿದ ವೆಚ್ಚಗಳಲ್ಲಿ, ಪ್ರಾಣಿ ಕಚ್ಚಿದ ಅನಂತರದ ಚಿಕಿತ್ಸೆಯ ಭಾಗವಾದುದನ್ನುಳಿದು ಮಿಕ್ಕೆಲ್ಲ ಲಸಿಕೆಗಳು, ಎಂದು ಬರೆದಿತ್ತು. ಏಜೆಂಟನು ಹೇಳಿದ್ದು ಇದನ್ನೇ. ಆದರೆ ಹೊರತುಪಡಿಸದೆ ಇರುವುದು ಬೇರೆ, ಭರಿಸುವೆನೆಂದು ಒಪ್ಪುವುದು ಬೇರೆ. ಆ ಪಾಲಿಸಿ ಭರಿಸುವುದು ಒಳರೋಗಿಯ ವೆಚ್ಚವನ್ನು; ಕಚ್ಚಿಸಿಕೊಂಡವನು ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಅವನ ಲಸಿಕೆಯನ್ನು ಬಿಲ್ಲಿನಿಂದ ಕಳೆಯುವುದಿಲ್ಲವೆಂಬುದಷ್ಟೇ ಆ ವಾಕ್ಯದ ತಾತ್ಪರ್ಯ. ಹೊರರೋಗಿಯಾಗಿ ಬಂದು ಚುಚ್ಚಿಸಿಕೊಂಡು ಹೋದವನಿಗೆ ಅದರಿಂದ ಕಾಸೂ ಬಾರದು. ಕೆಲವು ಪಾಲಿಸಿಗಳಲ್ಲಿ ಪ್ರಾಣಿಕಡಿತದ ಲಸಿಕೆಗೆಂದೇ ಪ್ರತ್ಯೇಕವಾದ, ಮಿತಿಯುಳ್ಳ ಸೌಲಭ್ಯವಿದ್ದು ಅದಕ್ಕೆ ದಾಖಲಾತಿಯ ನಿಯಮ ಅನ್ವಯಿಸುವುದಿಲ್ಲ. ಅಂಥದು ಇದೆಯೋ ಇಲ್ಲವೋ ಎಂಬುದನ್ನು ಸೌಲಭ್ಯಗಳ ಅಧ್ಯಾಯದಲ್ಲಿ ಹುಡುಕಬೇಕೇ ಹೊರತು ನಿಷೇಧಗಳ ಅಧ್ಯಾಯದಲ್ಲಿ ಅಲ್ಲ. ಪಾಲಿಸಿಯನ್ನು ಓದುವ ಕ್ರಮವೇ ಇದು: ಮೊದಲು ಕೊಡುವುದೇನು, ಆಮೇಲೆ ಅದರಿಂದ ಕಳೆಯುವುದೇನು, ಕೊನೆಗೆ ಆ ಕಳೆಯುವಿಕೆಗೆ ಇರುವ ವಿನಾಯಿತಿಯೇನು. 2024ರಿಂದ ಪ್ರತಿಯೊಂದು ಪಾಲಿಸಿಯೊಡನೆ ಸರಳ ಭಾಷೆಯ ಗ್ರಾಹಕ ಮಾಹಿತಿ ಪತ್ರವನ್ನು ಕೊಡಬೇಕೆಂಬ ನಿಯಮವಿದೆ. ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕೂ ಇದೆ. ಆ ದಿನಗಳನ್ನು ಓದುವುದಕ್ಕಾಗಿ ಬಳಸತಕ್ಕದ್ದು.

ಇನ್ನು ನಮ್ಮಂಥವರ ವಿಚಾರ. ಅರುವತ್ತು ದಾಟಿದ ನನಗೂ ನನ್ನ ಪತ್ನಿಗೂ ವೈದ್ಯರು ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆಯನ್ನೂ, ನ್ಯುಮೋಕಾಕಲ್ ಲಸಿಕೆಯನ್ನೂ ಸೂಚಿಸಿದರು. ಸರ್ಪಸುತ್ತಿಗೆ 2023ರಿಂದ ನಮ್ಮಲ್ಲಿ ದೊರೆಯುತ್ತಿರುವ ಹೊಸ ಲಸಿಕೆಯ ಮಾತನ್ನೂ ಎತ್ತಿದರು. ಎರಡು ಡೋಸುಗಳ ಆ ಮದ್ದಿಗೆ ಡೋಸೊಂದಕ್ಕೆ ಹತ್ತು ಸಾವಿರ ರೂಪಾಯಿ ಮೀರುತ್ತದೆಂದು ಕೇಳಿ, ನಿವೃತ್ತಿ ವೇತನದವರಾದ ನಾವು ಅದನ್ನು ಸದ್ಯಕ್ಕೆ ಮುಂದೂಡಿದೆವು. ಮಕ್ಕಳಿಗೆ ಇರುವಂತಹ ಸಾರ್ವತ್ರಿಕ ಉಚಿತ ಕಾರ್ಯಕ್ರಮ ವೃದ್ಧರಿಗೆ ಇಲ್ಲ. ನಮ್ಮ ವಿಮೆಯನ್ನು ವಿಚಾರಿಸಿದರೆ, ನ್ಯುಮೋನಿಯಾ ಆಗಿ ತೀವ್ರನಿಗಾ ಘಟಕವನ್ನು ಸೇರಿದರೆ ಲಕ್ಷಗಟ್ಟಲೆ ಕೊಡಲು ಸಿದ್ಧ, ಅದು ಬಾರದಿರಲೆಂದು ಹಾಕಿಸಿಕೊಳ್ಳುವ ಮದ್ದಿಗೆ ಏನೂ ಇಲ್ಲ. ನನ್ನ ಮನಸ್ಸಿಗೆ ಬಹಳ ಖೇದವನ್ನುಂಟುಮಾಡಿದ್ದು ಇದೇ. ವಿಮೆಯ ಗಣಿತ ಅಪೂರ್ಣವೆಂದು ನಾನು ಹಿಂದೆ ಹೇಳಿದ್ದೂ ಇದಕ್ಕಾಗಿ: ನಿಶ್ಚಿತವಾದ ಸಣ್ಣ ವೆಚ್ಚವೊಂದು ಅನಿಶ್ಚಿತವಾದ ದೊಡ್ಡ ವೆಚ್ಚವನ್ನು ತಗ್ಗಿಸುವುದಾದರೆ, ಎರಡನ್ನೂ ಒಂದೇ ಸಮೀಕರಣದಲ್ಲಿ ಬರೆಯದೆ ಲೆಕ್ಕವು ಮುಗಿಯದು. ಒಂದು ವರ್ಷದ ಒಪ್ಪಂದವನ್ನು ಮಾಡಿಕೊಂಡ ಕಂಪನಿಗೆ, ಮುಂದಿನ ವರ್ಷ ಬೇರೆಡೆಗೆ ಹೋಗಬಹುದಾದ ಗ್ರಾಹಕನ ಹತ್ತು ವರ್ಷಗಳ ಆರೋಗ್ಯದಲ್ಲಿ ಆಸಕ್ತಿ ಹುಟ್ಟುವುದು ಕಷ್ಟವೆಂಬುದನ್ನೂ ಬಲ್ಲೆ. ಅಂತಹ ಆಸಕ್ತಿಯನ್ನು ಕಾನೂನೇ ಹುಟ್ಟಿಸಬೇಕಾಗುತ್ತದೆ.

ಕಾನೂನು ಹುಟ್ಟಿಸಬಲ್ಲದೆಂಬುದಕ್ಕೆ ನಿದರ್ಶನವನ್ನು ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ತಿಳಿಸಿದನು. ಅಲ್ಲಿಯ 2010ರ ಆರೋಗ್ಯ ಕಾನೂನಿನ ಪ್ರಕಾರ, ಅಧಿಕೃತ ಸಮಿತಿ ಶಿಫಾರಸು ಮಾಡಿದ ಲಸಿಕೆಗಳನ್ನು ಬಹುತೇಕ ಖಾಸಗಿ ವಿಮೆಗಳು ಸಹಪಾವತಿಯಿಲ್ಲದೆ ಭರಿಸಬೇಕು. ಆದರೆ ವಿಮೆಯ ಜಾಲಕ್ಕೆ ಸೇರಿದ ವೈದ್ಯರಲ್ಲಿಯೋ ಔಷಧಾಲಯದಲ್ಲಿಯೋ ಹಾಕಿಸಿಕೊಂಡಿರಬೇಕು. ಅಲ್ಲಿಯ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರಿನಲ್ಲಿ, ಸರ್ಪಸುತ್ತಿನ ಲಸಿಕೆಯೂ ಸೇರಿದಂತೆ ಔಷಧ ಯೋಜನೆಯಡಿ ಬರುವ ಲಸಿಕೆಗಳು 2023ರಿಂದ ಉಚಿತವಾಗಿವೆ. ಅಲ್ಲಿಯ ವೈದ್ಯಕೀಯ ವೆಚ್ಚದ ಭಾರವನ್ನು ಕುರಿತು ಅವನು ಹೇಳುವ ಬೇರೆ ಸಂಗತಿಗಳು ಯಾರೂ ಅಸೂಯೆಪಡುವಂಥವಲ್ಲ; ಆದರೂ ಈ ಒಂದು ಅಂಶ ಅನುಕರಣೀಯವೆಂದೇ ನನ್ನ ಭಾವನೆ. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ನಮ್ಮ ಕಡೆಯ ತಾಯಿತಂದೆಗಳಿಗೆ ಮಾತ್ರ ಆ ಕಾನೂನಿನ ನೆರಳಿಲ್ಲ. ಅವರು ಕೊಳ್ಳುವ ಪ್ರವಾಸಿ ವಿಮೆ ಸಾಮಾನ್ಯವಾಗಿ ಲಸಿಕೆಯನ್ನು ಭರಿಸುವುದಿಲ್ಲವಾದ್ದರಿಂದ, ಬೇಕಾದುದನ್ನು ಇಲ್ಲಿಯೇ ಹಾಕಿಸಿಕೊಂಡು ವಿಮಾನವೇರುವುದು ಮೇಲು.

ಲಸಿಕೆಯನ್ನು ಸಮಸ್ತರ ಹಿತದ ಕಾರ್ಯವೆಂದು ಕಾಣುವ ದೃಷ್ಟಿ ನಮ್ಮ ನಾಡಿಗೆ ಹೊಸತಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರಿನ ರಾಜಮನೆತನದ ಸ್ತ್ರೀಯರ ಪಟವನ್ನು, ಆಗ ಹೊಸದಾಗಿ ಬಂದಿದ್ದ ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ್ದೆಂದು ಇತಿಹಾಸಕಾರರು ವ್ಯಾಖ್ಯಾನಿಸಿದ್ದಾರೆ. ಆ ವ್ಯಾಖ್ಯಾನ ನಿಜವಾದರೆ, ಅರಮನೆಯವರೇ ಮೊದಲು ತೋಳನ್ನೊಡ್ಡಿ ಪ್ರಜೆಗಳಿಗೆ ಧೈರ್ಯ ತುಂಬಿದ ಊರು ನಮ್ಮದು.

ನಮ್ಮ ಮನೆಯಲ್ಲಿ ಈಗ ಲಸಿಕೆಯ ವೆಚ್ಚವನ್ನು ಶಾಲೆಯ ಶುಲ್ಕದಂತೆ ಮುಂಚಿತವಾಗಿ ಬರೆದಿಟ್ಟು, ಅಂಚೆ ಕಚೇರಿಯ ಆವರ್ತ ಠೇವಣಿಯಲ್ಲಿ ತಿಂಗಳು ತಿಂಗಳೂ ಕಟ್ಟುತ್ತೇವೆ. ಮುಂದೂಡಿದ ಸರ್ಪಸುತ್ತಿನ ಲಸಿಕೆಯೂ ಆ ಹಣದಿಂದಲೇ ಆಗಬೇಕಾಗಿದೆ. ಇದರ ಜೊತೆಗೆ ನಮ್ಮ ನಿವೃತ್ತರ ಸಂಘದಿಂದ, ನಮ್ಮ ಗುಂಪು ವಿಮೆಯನ್ನು ನಡೆಸುವ ಕಂಪನಿಗೆ ಒಂದು ಮನವಿಯನ್ನು ಬರೆದಿದ್ದೇವೆ. ಅರುವತ್ತು ದಾಟಿದ ಸದಸ್ಯರ ಇನ್‌ಫ್ಲುಯೆಂಜಾ ಮತ್ತು ನ್ಯುಮೋಕಾಕಲ್ ಲಸಿಕೆಗಳನ್ನು, ದಾಖಲಾತಿಯ ನಿಯಮವಿಲ್ಲದೆ, ಗೊತ್ತಾದ ಮಿತಿಯೊಳಗೆ ಭರಿಸಬೇಕು. ಅದಕ್ಕಾಗಿ ಕಂತು ಸ್ವಲ್ಪ ಹೆಚ್ಚಾದರೂ ಸದಸ್ಯರು ಒಪ್ಪುತ್ತಾರೆ. ಆ ಹೆಚ್ಚಳ ಎಷ್ಟೆಂಬುದನ್ನು ಲೆಕ್ಕ ಸಹಿತ ತಿಳಿಸಬೇಕು, ಎಂಬುದು ಅದರ ಸಾರಾಂಶ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ನವೀಕರಣದ ತಿಂಗಳಿಗೆ ಮುಂಚೆ ಸದಸ್ಯರೆಲ್ಲರ ಸಹಿಯೊಡನೆ ಮತ್ತೊಮ್ಮೆ ಬರೆಯುವುದೆಂದೂ, ಅದರ ಪ್ರತಿಯನ್ನು ನಿಯಂತ್ರಣ ಪ್ರಾಧಿಕಾರಕ್ಕೂ ಕಳುಹಿಸುವುದೆಂದೂ ಕಳೆದ ಸಭೆಯಲ್ಲಿ ತೀರ್ಮಾನವಾಗಿದ್ದು, ಕರಡನ್ನು ಸಿದ್ಧಪಡಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ.